‘ಗ್ರಹ’ ಶಬ್ದದ ಮೂರು ಪಟ್ಟಿಗಳು

ಸೌರಮಂಡಲವನ್ನು ಕುರಿತು ಕನ್ನಡದಲ್ಲಿ ಓದತೊಡಗುವವರಿಗೆ ಮೊದಲು ಎದುರಾಗುವ ಶಬ್ದ ‘ಗ್ರಹ’. ಶಬ್ದ ಹಳೆಯದು, ಇಂದಿನ ಅರ್ಥ ಹೊಸದು. ಈ ಅಂತರವನ್ನು ಗಮನಿಸದಿದ್ದರೆ ಪ್ರಾಚೀನ ಕೃತಿಗಳನ್ನು ಓದುವಾಗಲೂ ಆಧುನಿಕ ಖಗೋಳವಿಜ್ಞಾನವನ್ನು ಓದುವಾಗಲೂ ಗೊಂದಲ ತಪ್ಪದು.

‘ಹಿಡಿ’ ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ ‘ಗ್ರಹ’ ನಿಷ್ಪನ್ನವಾಗಿದೆ. ‘ಗ್ರಹಣ’ವೂ ಅದೇ ಧಾತುವಿನದು. ಕನ್ನಡದ ‘ಗರ’ ಇದರ ತದ್ಭವ. ‘ಗರ ಬಡಿದವನಂತೆ’ ಎಂಬ ಮಾತಿನಲ್ಲಿ ಮೂಲಾರ್ಥ ಇನ್ನೂ ಜೀವಂತವಾಗಿದೆ. ಗ್ರೀಕ್ ಮೂಲದ ‘ಪ್ಲಾನೆಟ್’ ಶಬ್ದಕ್ಕಾದರೋ ಅಲೆಯುವಂಥದು ಎಂದರ್ಥ. ಒಂದು ಭಾಷೆ ಆಕಾಶಕಾಯದ ಪ್ರಭಾವವನ್ನು ಕಂಡಿತು, ಇನ್ನೊಂದು ಅದರ ಚಲನೆಯನ್ನು.

ಮೊದಲನೆಯ ಪಟ್ಟಿ ನವಗ್ರಹಗಳದು. ನಕ್ಷತ್ರಗಳ ಹಿನ್ನೆಲೆಯಲ್ಲಿ ಸ್ಥಾನ ಬದಲಿಸುತ್ತ ಬರಿಗಣ್ಣಿಗೆ ಕಾಣುವವು ಏಳು: ಸೂರ್ಯ, ಚಂದ್ರ, ಮಂಗಳ, ಬುಧ, ಗುರು, ಶುಕ್ರ, ಶನಿ. ವಾರದ ಏಳು ದಿನಗಳ ಹೆಸರುಗಳು ಇವುಗಳವೇ. ರಾಹುಕೇತುಗಳಿಗೆ ವಾರವಿಲ್ಲ, ಏಕೆಂದರೆ ಅವು ಆಕಾಶದಲ್ಲಿ ಕಾಣುವ ಕಾಯಗಳಲ್ಲ. ಗಣಿತದ ದೃಷ್ಟಿಯಲ್ಲಿ ಅವು ಚಂದ್ರನ ಪಥವು ಸೂರ್ಯನ ತೋರಿಕೆಯ ಪಥವನ್ನು ಛೇದಿಸುವ ಎರಡು ಬಿಂದುಗಳು. ಅಮಾವಾಸ್ಯೆ ಅಥವಾ ಹುಣ್ಣಿಮೆಯಂದು ಚಂದ್ರನು ಈ ಬಿಂದುಗಳ ಸಮೀಪದಲ್ಲಿದ್ದರೆ ಮಾತ್ರ ಗ್ರಹಣ ಸಂಭವಿಸುತ್ತದೆ. ಸೂರ್ಯನನ್ನು ಮರೆಮಾಡುವವನು ಚಂದ್ರ, ಚಂದ್ರನನ್ನು ಆವರಿಸುವುದು ಭೂಮಿಯ ನೆರಳು ಎಂದು ಆರ್ಯಭಟನು ಕ್ರಿ.ಶ. 499ರ ಸುಮಾರಿಗೇ ನಿರೂಪಿಸಿದ್ದನು. ಕನ್ನಡದ ಮೊದಲ ಜ್ಯೋತಿಷ ಗ್ರಂಥವೆನಿಸಿದ ಶ್ರೀಧರಾಚಾರ್ಯನ ‘ಜಾತಕತಿಲಕ’ ಹುಟ್ಟಿದ್ದು 1049ರಲ್ಲಿ, ಅಂದರೆ ಆರ್ಯಭಟನಿಗೆ ಐದೂವರೆ ಶತಮಾನಗಳ ತರುವಾಯ. ಗಣಿತದ ವಿವರಣೆ ಬಂದ ಮಾತ್ರಕ್ಕೆ ಫಲಜ್ಯೋತಿಷದ ಪಟ್ಟಿ ಬದಲಾಗಲಿಲ್ಲ.

ಎರಡನೆಯ ಪಟ್ಟಿ ಜೈನಾಗಮ ಪರಂಪರೆಯದು. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ ನಾಲ್ಕನೆಯ ಅಧ್ಯಾಯದಲ್ಲಿ ಜ್ಯೋತಿಷ್ಕ ದೇವರು ಐದು ಬಗೆ: ಸೂರ್ಯ, ಚಂದ್ರ, ಗ್ರಹ, ನಕ್ಷತ್ರ, ಪ್ರಕೀರ್ಣಕ ತಾರೆ. ಇಲ್ಲಿ ಸೂರ್ಯಚಂದ್ರರು ಗ್ರಹವರ್ಗದಿಂದ ಹೊರಗಿದ್ದಾರೆ. ಒಬ್ಬೊಬ್ಬ ಚಂದ್ರನ ಪರಿವಾರದಲ್ಲಿ 88 ಗ್ರಹಗಳು, 28 ನಕ್ಷತ್ರಗಳು ಎಂಬುದು ಇದೇ ಪರಂಪರೆಯ ಗಣನೆ. ಇವು ಮೇರುಪರ್ವತವನ್ನು ಪ್ರದಕ್ಷಿಣೆ ಮಾಡುತ್ತವೆ ಎಂಬ ಲೋಕವಿಚಾರಕ್ಕೆ ಈ ಪಟ್ಟಿ ಹೊಂದಿಕೊಂಡಿದೆ.

ಮೂರನೆಯದು ಆಧುನಿಕ ವಿಜ್ಞಾನದ ಪಟ್ಟಿ. 1543ರಲ್ಲಿ ಪ್ರಕಟವಾದ ಕೋಪರ್ನಿಕಸ್‌ನ ಕೃತಿಯು ಸೂರ್ಯನನ್ನು ಕೇಂದ್ರದಲ್ಲಿರಿಸಿ, ಭೂಮಿಯನ್ನು ಗ್ರಹಗಳ ಸಾಲಿಗೆ ಸೇರಿಸಿತು. 1610ರಲ್ಲಿ ಗೆಲಿಲಿಯೊ ಗುರುವಿನ ಸುತ್ತ ನಾಲ್ಕು ಚಂದ್ರರನ್ನು ಕಂಡನು. ಹೀಗೆ ನಮ್ಮ ಚಂದ್ರನೂ ಉಪಗ್ರಹಗಳಲ್ಲಿ ಒಂದಾಯಿತು. ಯುರೇನಸ್ 1781ರಲ್ಲಿ ಹರ್ಷೆಲನ ದೂರದರ್ಶಕಕ್ಕೆ ಸಿಕ್ಕಿತು. ನೆಪ್ಚೂನ್ ದೊರೆತದ್ದು 1846ರಲ್ಲಿ; ಲೆವೆರಿಯೆ ಗಣಿತದಿಂದ ಸೂಚಿಸಿದ ಸ್ಥಾನದ ಸಮೀಪದಲ್ಲೇ ಬರ್ಲಿನ್ ವೀಕ್ಷಣಾಲಯದ ಗಾಲೆ ಅದನ್ನು ಕಂಡನು. ನವಗ್ರಹಗಳಿಂದ ಸೂರ್ಯ, ಚಂದ್ರ, ರಾಹು, ಕೇತು ಎಂಬ ನಾಲ್ಕನ್ನು ಕಳೆದು, ಭೂಮಿ, ಯುರೇನಸ್, ನೆಪ್ಚೂನ್‌ಗಳನ್ನು ಕೂಡಿಸಿದರೆ ಇಂದಿನ ಎಂಟು ಗ್ರಹಗಳಾಗುತ್ತವೆ.

ಈ ಎಂಟೂ ಸುಲಭವಾಗಿ ಸ್ಥಿರಗೊಂಡದ್ದಲ್ಲ. 1801ರ ಜನವರಿ 1ರಂದು ಪಿಯಾಜ಼ಿ ಕಂಡ ಸಿರಿಸ್ ಹಲವು ದಶಕ ಗ್ರಹವೆನಿಸಿಕೊಂಡಿತ್ತು. ಮಂಗಳ ಮತ್ತು ಗುರುವಿನ ನಡುವೆ ಅಂಥವು ಒಂದರ ಹಿಂದೊಂದು ದೊರೆತಾಗ ಅದನ್ನು ಕ್ಷುದ್ರಗ್ರಹಗಳ ಸಾಲಿಗಿಳಿಸಲಾಯಿತು. 1930ರಲ್ಲಿ ಟಾಂಬೋ ಪತ್ತೆಹಚ್ಚಿದ ಪ್ಲೂಟೊಗೂ ಇದೇ ಗತಿ. 2006ರ ಆಗಸ್ಟ್ 24ರಂದು ಪ್ರಾಗ್‌ನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಮೂರು ಲಕ್ಷಣಗಳನ್ನು ವಿಧಿಸಿತು: ಗ್ರಹವು ಸೂರ್ಯನನ್ನು ಸುತ್ತಬೇಕು, ಸ್ವಂತ ಗುರುತ್ವದಿಂದ ಹೆಚ್ಚುಕಡಿಮೆ ಗೋಲಾಕಾರ ತಾಳಿರಬೇಕು, ತನ್ನ ಕಕ್ಷೆಯ ಆಸುಪಾಸನ್ನು ತೆರವುಗೊಳಿಸಿರಬೇಕು. ಮೂರನೆಯದನ್ನು ಪೂರೈಸದ ಪ್ಲೂಟೊ ಮತ್ತು ಸಿರಿಸ್ ಇಂದು ಒಂದೇ ವರ್ಗದ ಕುಬ್ಜಗ್ರಹಗಳು.

ಈ ಪರಿವಾರದ ದ್ರವ್ಯರಾಶಿಯ ಶೇ. 99.8ಕ್ಕಿಂತ ಹೆಚ್ಚು ಸೂರ್ಯನೊಬ್ಬನಲ್ಲೇ ಇದೆ. ಅವನ ಬೆಳಕು ಸುಮಾರು 15 ಕೋಟಿ ಕಿಲೋಮೀಟರ್ ದಾಟಿ ಭೂಮಿಯನ್ನು ತಲುಪಲು 8 ನಿಮಿಷಕ್ಕೂ ಮಿಕ್ಕ ಕಾಲ ಬೇಕು. ನೆಪ್ಚೂನನ್ನು ತಲುಪಲು 4 ಗಂಟೆಗಳಿಗೂ ಹೆಚ್ಚು. ಸೂರ್ಯನ ಅನಂತರ ನಮಗೆ ಅತಿ ಸಮೀಪದ ನಕ್ಷತ್ರದ ಬೆಳಕು ಬರಲು 4 ವರ್ಷಗಳೂ ಸಾಲವು. ಈ ಪರಿವಾರದಲ್ಲಿ ಹಿಮ ಮತ್ತು ಧೂಳಿನ ಧೂಮಕೇತುಗಳೂ ಇವೆ, ಭೂಮಿಯ ವಾತಾವರಣವನ್ನು ಹೊಕ್ಕು ಉರಿಯುವ ಉಲ್ಕೆಗಳೂ ಇವೆ. ವರಾಹಮಿಹಿರನ ‘ಬೃಹತ್ಸಂಹಿತೆ’ಯ ಕೇತುಚಾರದಲ್ಲಿ ‘ಕೇತು’ ಎಂದರೆ ಧೂಮಕೇತುವಿನಂಥ ಕಾಯವೇ ಹೊರತು ಛೇದಬಿಂದುವಲ್ಲ ಎಂಬುದು ಗಮನಾರ್ಹ.

ಸಂಶೋಧಕರಿಗೆ ಈ ವಿವೇಕ ಅಗತ್ಯ. ಗ್ರಹಣಕಾಲದಲ್ಲಿ ದತ್ತಿ ಬಿಟ್ಟುದನ್ನು ಹೇಳುವ ಶಾಸನಗಳು ಕರ್ನಾಟಕದಲ್ಲಿ ಹೇರಳವಾಗಿವೆ. ದಾನಿಯು ರಾಹುವನ್ನು ನಂಬಿದ್ದನೇ ಎಂಬುದು ಒಂದು ಪ್ರಶ್ನೆ, ಆ ದಿನ ಗ್ರಹಣ ನಡೆದಿತ್ತೇ ಎಂಬುದು ಮತ್ತೊಂದು. ಎರಡನೆಯದನ್ನು ಗಣಿತದಿಂದ ಪರೀಕ್ಷಿಸಿ ಶಾಸನದ ತೇದಿಯನ್ನು ನಿಷ್ಕರ್ಷಿಸಬಹುದು. ನವಗ್ರಹಗಳಲ್ಲಿ ಆಧುನಿಕ ವಿಜ್ಞಾನವನ್ನು ಹುಡುಕುವುದೂ ಅವನ್ನು ಅಜ್ಞಾನವೆಂದು ತಳ್ಳಿಹಾಕುವುದೂ ಪಟ್ಟಿಗಳನ್ನು ಬೆರೆಸಿದ್ದರ ಫಲ. ಕೃತಿಯಲ್ಲಿ ‘ಗ್ರಹ’ ಕಂಡಾಗ ಅದು ಯಾವ ಪಟ್ಟಿಯದು ಎಂದು ಮೊದಲು ನಿರ್ಧರಿಸಿಕೊಳ್ಳಬೇಕು. ಅರ್ಥನಿರ್ಣಯ ಆಮೇಲಿನ ಕೆಲಸ.