ಕಳೆದುಹೋದ ಒಂದು ಗಂಟೆ

ಲಂಡನ್ನಿಗೆ ಬಂದ ಮೊದಲ ವರ್ಷ. ಮಾರ್ಚ್ ಕೊನೆಯ ಭಾನುವಾರ ಎಂದಿನಂತೆ ಸಂಜೆ ನಾಲ್ಕಕ್ಕೆ ಮೈಸೂರಿಗೆ ಫೋನ್ ಮಾಡಿದೆ. "ಇನ್ನೂ ಎಂಟೂವರೆ ಕಣೋ, ಅಡುಗೆಯೇ ಆಗಿಲ್ಲ" ಎಂದರು ಅಮ್ಮ. ದಿನವೂ ಅವರಿಗೆ ಒಂಬತ್ತೂವರೆಯಾಗಿರುತ್ತಿತ್ತು. ಹಿಂದಿನ ರಾತ್ರಿ ಇಲ್ಲಿನ ಗಡಿಯಾರಗಳು ಒಂದರಿಂದ ನೇರ ಎರಡಕ್ಕೆ ಜಿಗಿದದ್ದು ನನಗೆ ಗೊತ್ತೇ ಇರಲಿಲ್ಲ. ಆ ವಾರವೆಲ್ಲ ನಿದ್ದೆಗೆಟ್ಟು, ಈ ಪದ್ಧತಿಯ ಮೂಲ ಹುಡುಕಿದೆ.

ಸಿಕ್ಕಿದವನು ವಿಲಿಯಂ ವಿಲೆಟ್ ಎಂಬ ಕಟ್ಟಡ ನಿರ್ಮಾಪಕ. ಬೇಸಿಗೆಯ ಮುಂಜಾನೆಯ ಬೆಳಕನ್ನು ಜನ ಮಲಗಿಯೇ ಕಳೆಯುತ್ತಾರೆಂದು 1907ರಲ್ಲಿ ಕಿರುಪುಸ್ತಕವೊಂದನ್ನು ಬರೆದ. ಅವನು ಕೇಳಿದ್ದು ಒಮ್ಮೆಲೇ ಒಂದು ಗಂಟೆಯನ್ನಲ್ಲ. ಏಪ್ರಿಲ್‌ನ ನಾಲ್ಕು ಭಾನುವಾರ, ಸಲಕ್ಕೆ 20 ನಿಮಿಷ. ಸಂಸತ್ತು ಒಪ್ಪಲಿಲ್ಲ. 1915ರಲ್ಲಿ ಅವನು ತೀರಿಕೊಂಡ.

ಮರುವರ್ಷ ಯುದ್ಧ ಒಪ್ಪಿಸಿತು. ಕಲ್ಲಿದ್ದಲು ಉಳಿಸಲು ಜರ್ಮನಿ 1916ರ ಏಪ್ರಿಲ್ 30ರಂದು ಗಡಿಯಾರ ತಿರುಗಿಸಿತು. ಮೇ 21ರಂದು ಬ್ರಿಟನ್ನೂ ಅದೇ ದಾರಿ ಹಿಡಿಯಿತು. ಎರಡನೆಯ ಮಹಾಯುದ್ಧದಲ್ಲಿ, 1942ರಿಂದ 1945ರವರೆಗೆ, ಭಾರತದ ಗಡಿಯಾರವೂ ಒಂದು ಗಂಟೆ ಮುಂದಿತ್ತು. ಯುದ್ಧದ ಅವಸರಕ್ಕೆ ಕಂತುಗಳ ತಾಳ್ಮೆ ಎಲ್ಲಿಂದ ಬರಬೇಕು? ವಿಲೆಟ್‌ನ ಬೆಳಕು ಉಳಿಯಿತು, ಅವನ ನಿಧಾನ ಉಳಿಯಲಿಲ್ಲ.

ಈಗ ಪ್ರತಿವರ್ಷ ಆ ವಾರದ ಗುರುವಾರದಿಂದಲೇ ದಿನಕ್ಕೆ 20 ನಿಮಿಷ ಬೇಗ ಮಲಗುತ್ತೇನೆ. ಶನಿವಾರದ ಹೊತ್ತಿಗೆ ಲೆಕ್ಕ ಸರಿಹೋಗುತ್ತದೆ. ಭಾನುವಾರ ಫೋನ್ ಮಾಡುವುದು ಮಾತ್ರ ಸಂಜೆ ಐದಕ್ಕೆ. ಅಮ್ಮನ ಗಡಿಯಾರ ಕದಲುವುದಿಲ್ಲವಲ್ಲ!