ಆತಗೂರು: ನಾಯಿಗೂ ಕಲ್ಲು ನಿಲ್ಲಿಸಿದ ಊರು

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಗೂರು ಒಂದು ಹೋಬಳಿ ಕೇಂದ್ರ. ಮೈಸೂರು ಜಿಲ್ಲೆಯಿಂದ 1939ರಲ್ಲಿ ಬೇರೆಯಾದ ಮಂಡ್ಯದ ಜನಸಂಖ್ಯೆ 2011ರ ಗಣತಿಯಂತೆ 18,05,769. ಇವರಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಹಳ್ಳಿಗಳಲ್ಲಿರುವವರು. ಗಣತಿಯ ಪುಸ್ತಕ ಇಂಥ ಊರಿಗೆ ಕೊಡುವುದು ಒಂದೇ ಸಾಲು: ಮನೆ ಎಷ್ಟು, ಗಂಡಸರೆಷ್ಟು, ಹೆಂಗಸರೆಷ್ಟು. ಆ ಸಾಲಿಗಿಂತ ಸಾವಿರ ವರ್ಷ ಹಳೆಯ ದಾಖಲೆಯೊಂದು ಈ ಊರಿಗಿದೆ. ಅದರಲ್ಲಿ ರಾಜರಿದ್ದಾರೆ, ಒಕ್ಕಲು ಮಕ್ಕಳಿದ್ದಾರೆ, ಒಂದು ನಾಯಿಯೂ ಇದೆ.

ಆ ದಾಖಲೆ ಒಂದು ಶಿಲಾಶಾಸನ. ಅದರಲ್ಲಿ ಊರಿನ ಹೆಸರು ಆತುಕೂರು. ಶಕವರ್ಷ 872, ಸೌಮ್ಯ ಸಂವತ್ಸರ, ಅಂದರೆ ಕ್ರಿ.ಶ. 949–50. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಕಾಲ. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನೆಂಬ ವೀರನಿಗೆ ಮೆಚ್ಚಿದ್ದನ್ನು ಕೇಳಿಕೋ ಎಂದಾಗ ಅವನು ಹೊನ್ನು ಕೇಳಲಿಲ್ಲ, ಕಾಳಿ ಎಂಬ ನಾಯಿಯನ್ನು ಕೇಳಿದ. ಬೆಳತೂರಿನ ಪಡುವಣ ಬೆಟ್ಟದಲ್ಲಿ ಆ ನಾಯಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಕಾದಾಡಿ ಒಟ್ಟಿಗೆ ಸತ್ತವು. ಆತುಕೂರಿನ ಚಲ್ಲೇಶ್ವರ ದೇಗುಲದ ಮುಂದೆ ಕಲ್ಲು ನಿಲ್ಲಿಸಿ, ಹಿರಿಯ ಕೆರೆಯ ಕೆಳಗೆ ಎರಡು ಕಂಡುಗದ ಭೂಮಿ ಬಿಟ್ಟರು. ಆ ಎರಡೂ ಪ್ರಾಣಿಗಳ ಕಾಳಗವನ್ನು ಕಲ್ಲಿನಲ್ಲಿ ಕಡೆದಿದ್ದಾರೆ.

ನನಗೆ ಎಲ್ಲಕ್ಕಿಂತ ಹೆಚ್ಚಾಗಿ ಹಿಡಿಸುವುದು ಕೊನೆಯ ಕಟ್ಟಳೆ. ಒಕ್ಕಲಾಗಲಿ, ನಾಡಾಳುವವನಾಗಲಿ, ಊರಾಳುವವನಾಗಲಿ ಆ ಮಣ್ಣನ್ನು ಕೆಡಿಸಿದರೆ ನಾಯಿ ಮಾಡಿದ ಪಾಪ ಅವರಿಗೆ. ದೇಗುಲದ ಸ್ಥಾನ ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ. ಹತ್ತನೆಯ ಶತಮಾನದ ಈ ಊರಲ್ಲಿ ಯಾರ್ಯಾರು ಇದ್ದರು ಎಂಬುದನ್ನು ನಮಗೆ ಹೇಳುವುದು ಈ ಶಾಪವೇ.

ಇದೇ ಕಲ್ಲಿನ ಇನ್ನೊಂದು ಭಾಗ ವಿದ್ವಾಂಸರ ಜಗಳಕ್ಕೆ ಕಾರಣವಾಯಿತು. ಕೃಷ್ಣನ ಕಡೆ ಕಾದಿದ ಗಂಗರ ಇಮ್ಮಡಿ ಬೂತುಗ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಬಗೆ ಅಲ್ಲಿದೆ. ಶಾಸನತಜ್ಞ ಫ್ಲೀಟ್ ಮೊದಲು ಓದಿದಂತೆ ಬೂತುಗ ಮೋಸದಿಂದ ಇರಿದವನಾದ. ಆಮೇಲೆ ಓದು ತಿದ್ದುಪಡಿಯಾಯಿತು: ಅಲ್ಲಿರುವುದು ‘ಕಳ್ಳ’ ಅಲ್ಲ, ‘ಕಳ’, ಆನೆಯ ಅಂಬಾರಿಯೇ ಕಾಳಗದ ಕಳವಾಗಿ ಸುರಿಗೆಯಿಂದ ಇರಿದ ಎಂದು ಅರ್ಥ. ರಾಜಾದಿತ್ಯ ಆನೆಯ ಮೇಲೆಯೇ ಮಡಿದನೆಂದು ಚೋಳರ ಆನೈಮಂಗಲದ ತಾಮ್ರಪಟವೂ ಹೇಳುವುದರಿಂದ ಎರಡನೆಯ ಓದೇ ಸರಿ. ಒಂದು ಒತ್ತಕ್ಷರದಿಂದ ಬಂದ ಕಳಂಕ ಇಂದಿಗೂ ಕೆಲವು ಹಳೆಯ ಪುಸ್ತಕಗಳಲ್ಲಿ ಉಳಿದುಕೊಂಡಿದೆ. ಅದನ್ನು ನೋಡಿದಾಗಲೆಲ್ಲ ಬೇಸರವಾಗುತ್ತದೆ.

ತಕ್ಕೋಲದ ಗೆಲುವಿಗಾಗಿ ಬೂತುಗನಿಗೆ ಬನವಾಸಿ, ಬೆಳ್ವೊಲ, ಪುರಿಗೆರೆ ಮೊದಲಾದ ನಾಡುಗಳು ಸಿಕ್ಕವು. ಅವನು ಮಣಲೆರನಿಗೆ ಬಾಳ್ಗಚ್ಚಾಗಿ, ಅಂದರೆ ವೀರನ ಕತ್ತಿ ತೊಳೆದು ಕೊಡುವ ಕೊಡುಗೆಯಾಗಿ, ಕೊಟ್ಟದ್ದರಲ್ಲಿ ‘ಆತುಕೂರು ಪನ್ನೆರಡು’ ಸೇರಿತ್ತು. ಅಂದು ಹನ್ನೆರಡು ಹಳ್ಳಿಗಳಿಗೆ ತಲೆಯಾಗಿದ್ದ ಊರು ಇಂದು ಹೋಬಳಿಯ ಕೇಂದ್ರ. ಸಾವಿರ ವರ್ಷದ ಈ ಹಿರಿತನ ನಮ್ಮ ಜಿಲ್ಲೆಯಲ್ಲಿ ಎಷ್ಟು ಊರುಗಳಿಗಿದೆ?

ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಮಳೆ ಬಿಸಿಲಿನಿಂದ ಉಳಿದಿದೆ, ನಿಜ. ಆದರೆ ಪೂಜಿಸದೆ ಉಣ್ಣಬಾರದೆಂದು ಯಾವ ಊರಿಗೆ ಹೇಳಿದ್ದರೋ ಆ ಊರಿಂದ ಅದು ದೂರವಾಯಿತು. ಭೂಮಿಯ ವಿಷಯವೂ ಹಾಗೆಯೇ. ಕೆರೆಯ ಕೆಳಗಿನ ಗದ್ದೆಗೆ ಶಾಸನ ಒಂದು ಹೆಸರು ಕೊಟ್ಟಿದೆ, ಮಳ್ತಿಕಾಳಂಗ. ಈಗ ಪಹಣಿಯಲ್ಲಿ ಬರುವುದು ಸರ್ವೆ ನಂಬರು. ಹೊಲಗದ್ದೆಗಳ ಹೆಸರು ಬಲ್ಲವರು ವಯಸ್ಸಾದವರು, ಅವರ ಮಕ್ಕಳು ಕೆಲಸ ಹುಡುಕಿಕೊಂಡು ಬೆಂಗಳೂರು ಸೇರುತ್ತಿದ್ದಾರೆ.

ಹೋಬಳಿಯ ಶಾಲೆಗಳ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ಮಕ್ಕಳ ಕೈಗೆ ಒಂದು ನೋಟುಪುಸ್ತಕ ಕೊಟ್ಟು ಅಜ್ಜ ಅಜ್ಜಿಯರ ಹತ್ತಿರ ಕಳಿಸಿ. ಕೆರೆ, ತೂಬು, ಹೊಲ, ಗುಡ್ಡಗಳ ಹೆಸರುಗಳನ್ನೆಲ್ಲ ಈ ವರ್ಷವೇ ಬರೆಸಿಡಿ. ಆ ಪುಸ್ತಕದ ಒಂದು ಪ್ರತಿ ಪಂಚಾಯಿತಿ ಕಚೇರಿಯಲ್ಲಿರಲಿ.