ನಿಧಾನಿಸಿದ ದೇಹ: ನೃತ್ಯದಿಂದ ವಿಡಿಯೊ ಪ್ರತಿಷ್ಠಾಪನೆಯವರೆಗೆ

ಸಿನಿಮಾ ಹುಟ್ಟಿದ ಹೊಸದರಲ್ಲೇ ಕ್ಯಾಮೆರಾದ ಕಣ್ಣು ನೃತ್ಯದ ಮೇಲೆ ಬಿದ್ದಿತ್ತು. ಅಮೆರಿಕದ ಲೋಯಿ ಫುಲ್ಲರ್ ಉದ್ದನೆಯ ರೇಷ್ಮೆ ಬಟ್ಟೆ ಬೀಸುತ್ತ, ಬಣ್ಣದ ಬೆಳಕಿನಲ್ಲಿ ಕುಣಿಯುತ್ತಿದ್ದ ‘ಸರ್ಪೆಂಟೈನ್’ ನೃತ್ಯ 1890ರ ದಶಕದಲ್ಲಿ ಮನೆಮಾತಾಗಿತ್ತು. ಅದನ್ನು ಅನುಕರಿಸಿದ ನರ್ತಕಿಯರನ್ನು ಎಡಿಸನ್ ಕಂಪನಿಯೂ ಲೂಮಿಯೇರ್ ಸಹೋದರರೂ ಚಿತ್ರೀಕರಿಸಿ, ಫಿಲ್ಮಿಗೆ ಕೈಯಿಂದಲೇ ಬಣ್ಣ ಹಚ್ಚಿಸಿದರು. ಆದರೆ ಆ ಕ್ಯಾಮೆರಾ ಇಟ್ಟಲ್ಲೇ ಇರುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತ ಪ್ರೇಕ್ಷಕ ಕಂಡಷ್ಟನ್ನೇ ಅದೂ ಕಂಡಿತು. ಮುಂದೆ ಹಾಲಿವುಡ್‌ನ ಸಂಗೀತ ಚಿತ್ರಗಳು ಕ್ಯಾಮೆರಾವನ್ನು ಎತ್ತರಕ್ಕೇರಿಸಿ ಚಮತ್ಕಾರ ತೋರಿಸಿದವು, ನಿಜ. ಕುಣಿಯುವವರ ಒಳಗೇನು ನಡೆಯುತ್ತಿದೆ ಎಂಬುದು ಅವುಗಳಿಗೆ ಬೇಕಿರಲಿಲ್ಲ.

ಅದು ಬೇಕಾಗಿದ್ದುದು ಮಾಯಾ ಡೆರೆನ್ ಅವರಿಗೆ. 1917ರಲ್ಲಿ ಕೀವ್‌ನಲ್ಲಿ ಹುಟ್ಟಿ, ಎಳವೆಯಲ್ಲೇ ಅಮೆರಿಕ ಸೇರಿದ ಡೆರೆನ್, ಕೆರಿಬಿಯನ್ ದ್ವೀಪಗಳ ನೃತ್ಯವನ್ನು ಅಧ್ಯಯನ ಮಾಡಿದ್ದ ಕ್ಯಾಥರೀನ್ ಡನ್‌ಹ್ಯಾಮ್ ಅವರ ತಂಡದ ಜೊತೆ ಕೆಲಸ ಮಾಡಿದ್ದರು. 1945ರ ಅವರ ‘ಎ ಸ್ಟಡಿ ಇನ್ ಕೊರಿಯೋಗ್ರಫಿ ಫಾರ್ ಕ್ಯಾಮೆರಾ’ ಕೆಲವೇ ನಿಮಿಷಗಳ ಮೂಕಿ ಚಿತ್ರ. ನರ್ತಕ ಟ್ಯಾಲಿ ಬೀಟಿ ಕಾಡಿನಲ್ಲಿ ಕಾಲೆತ್ತುತ್ತಾರೆ. ಆ ಕಾಲು ಊರುವುದು ಮನೆಯೊಂದರ ಕೋಣೆಯಲ್ಲಿ. ವಸ್ತುಸಂಗ್ರಹಾಲಯದಲ್ಲಿ ಹಲವು ಮುಖಗಳ ಬೌದ್ಧ ಶಿಲ್ಪದೆದುರು ಅವರು ಗಿರಕಿ ಹೊಡೆಯುತ್ತಾರೆ. ಮೊದಲು ನಿಧಾನವಾಗಿದ್ದ ತಿರುಗು ಕೊನೆಗೆ ಮುಖವೇ ಅಳಿಸಿಹೋಗುವಷ್ಟು ಬಿರುಸಾಗುತ್ತದೆ. ಕಡೆಯ ನೆಗೆತವನ್ನು ಹಲವು ತುಣುಕುಗಳಿಂದ ಜೋಡಿಸಿದ್ದರಿಂದ ನರ್ತಕ ಗಾಳಿಯಲ್ಲಿ ತೇಲಿದಂತೆ ಕಾಣುತ್ತದೆ. ಯಾವ ರಂಗದ ಮೇಲೂ ಆಡಲಾಗದ ನೃತ್ಯವದು.

1947ರಿಂದ ಡೆರೆನ್ ಹೈಟಿಗೆ ಹೋಗಿ ಅಲ್ಲಿನ ವೂಡೂ ಆಚರಣೆಗಳನ್ನು ಚಿತ್ರೀಕರಿಸತೊಡಗಿದರು. ಅಲ್ಲಿ ಕುಣಿತವೇ ಪೂಜೆ. ಕುಣಿಯುತ್ತಿದ್ದವರ ಮೈಮೇಲೆ ದೈವ ಬರುತ್ತದೆ, ಬಂದ ದೈವಕ್ಕೆ ಭಕ್ತ ಕುದುರೆಯಾಗುತ್ತಾನೆ ಎಂಬುದು ಅಲ್ಲಿಯವರ ನಂಬಿಕೆ. ಡೆರೆನ್ ಈ ಕುರಿತು 1953ರಲ್ಲಿ ಪುಸ್ತಕ ಪ್ರಕಟಿಸಿದರು. ಚಿತ್ರವನ್ನು ಮಾತ್ರ ಮುಗಿಸಲಿಲ್ಲ. 1961ರಲ್ಲಿ ಅವರು ತೀರಿಕೊಂಡು ಎಷ್ಟೋ ವರ್ಷಗಳಾದ ಮೇಲೆ ಬೇರೆಯವರು ಆ ತುಣುಕುಗಳನ್ನು ಜೋಡಿಸಿದರು. ನೃತ್ಯ, ಭಕ್ತಿ ಮತ್ತು ಕ್ಯಾಮೆರಾ ಮೂರನ್ನೂ ಒಟ್ಟಿಗೆ ತಂದ ಈ ಪ್ರಯತ್ನ ಅರ್ಧಕ್ಕೆ ನಿಂತರೂ, ಮುಂದೆ ಬಂದವರು ಕೇಳಿಕೊಂಡ ಪ್ರಶ್ನೆಗಳೆಲ್ಲ ಅದರಲ್ಲಿದ್ದವು.

ಚಿತ್ರ ಪರದೆಯಿಂದಿಳಿದು ನರ್ತಕರ ನಡುವೆ ಬಂದದ್ದು 1960ರ ದಶಕದಲ್ಲಿ. 1965ರ ಜುಲೈನಲ್ಲಿ ನ್ಯೂಯಾರ್ಕಿನ ಲಿಂಕನ್ ಸೆಂಟರ್‌ನಲ್ಲಿ ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ ಅವರ ತಂಡ ‘ವೇರಿಯೇಷನ್ಸ್ 5’ ಪ್ರದರ್ಶಿಸಿತು. ನರ್ತಕರು ಆಂಟೆನಾಗಳ ಹತ್ತಿರ ಸುಳಿದಾಗ ಧ್ವನಿ ಏಳುತ್ತಿತ್ತು. ಹಿಂಬದಿಯಲ್ಲಿ ಸ್ಟ್ಯಾನ್ ವ್ಯಾನ್‌ಡರ್‌ಬೀಕ್ ಅವರ ಚಿತ್ರಗಳೂ ಕೊರಿಯಾ ಮೂಲದ ನಾಮ್ ಜೂನ್ ಪೈಕ್ ತಿರುಚಿದ ಟಿವಿ ಬಿಂಬಗಳೂ ಓಡುತ್ತಿದ್ದವು. ಸ್ವಲ್ಪ ಕಾಲದಲ್ಲೇ ಸೋನಿಯ ಪೋರ್ಟಪ್ಯಾಕ್ ಮಾರುಕಟ್ಟೆಗೆ ಬಂತು. ಹೆಗಲಿಗೇರಿಸಿಕೊಂಡು ಓಡಾಡಬಹುದಾದ ಈ ಕಪ್ಪು-ಬಿಳುಪು ವಿಡಿಯೊ ಸಾಧನದಿಂದ ಕಲಾವಿದ ಒಬ್ಬನೇ ಕೋಣೆಯಲ್ಲಿ ತನ್ನನ್ನು ತಾನು ಚಿತ್ರೀಕರಿಸಿಕೊಳ್ಳುವುದು ಸಾಧ್ಯವಾಯಿತು. 1968ರಲ್ಲಿ ಕಲಾವಿದ ಬ್ರೂಸ್ ನೌಮನ್ ಕ್ಯಾಮೆರಾವನ್ನು ಅಡ್ಡ ಮಲಗಿಸಿ, ಮೊಣಕಾಲು ಮಡಿಸದೆ ಒಂದು ಗಂಟೆ ನಡೆದರು. ಅದನ್ನು ನೃತ್ಯವೆನ್ನಬೇಕೋ ಶಿಕ್ಷೆಯೆನ್ನಬೇಕೋ ನೋಡುವವರಿಗೆ ಬಿಟ್ಟದ್ದು.

ಈ ಧಾರೆಯಲ್ಲಿ ಅಧ್ಯಾತ್ಮವನ್ನು ಮುಚ್ಚುಮರೆಯಿಲ್ಲದೆ ಕೈಗೆತ್ತಿಕೊಂಡವರು ಅಮೆರಿಕದ ಬಿಲ್ ವಯೋಲಾ (1951–2024). ಅವರ ಕೃತಿಗಳಲ್ಲಿ ಇರುವವರು ಹೆಚ್ಚಾಗಿ ನಟರು, ನರ್ತಕರಲ್ಲ; ಆದರೂ ಮಾತಿಲ್ಲದೆ ದೇಹವೊಂದರಿಂದಲೇ ಎಲ್ಲವನ್ನೂ ಹೇಳಿಸಿದ್ದರಿಂದ ಅವು ನೃತ್ಯಕ್ಕೇ ಹತ್ತಿರ. ವಯೋಲಾ ಬಾಲ್ಯದಲ್ಲಿ ಸರೋವರದಲ್ಲಿ ಮುಳುಗಿ ಬದುಕುಳಿದವರು, ಜಪಾನಿನಲ್ಲಿ ಝೆನ್ ಅಭ್ಯಾಸ ಮಾಡಿದವರು, ಆನಂದ ಕುಮಾರಸ್ವಾಮಿ ಅವರನ್ನೂ ರೂಮಿಯನ್ನೂ ಓದಿಕೊಂಡವರು. 1991ರಲ್ಲಿ ಅವರ ತಾಯಿ ತೀರಿಕೊಂಡರು. ಮರುವರ್ಷದ ‘ನಾಂಟ್ ಟ್ರಿಪ್ಟಿಕ್’ನಲ್ಲಿ ಮೂರು ಪರದೆಗಳು: ಒಂದು ಬದಿಯಲ್ಲಿ ಹೆರಿಗೆ, ಇನ್ನೊಂದು ಬದಿಯಲ್ಲಿ ಕೊನೆಯುಸಿರೆಳೆಯುತ್ತಿರುವ ವಯೋಲಾ ಅವರ ತಾಯಿ, ನಡುವೆ ಬಟ್ಟೆ ತೊಟ್ಟು ನೀರಿನಲ್ಲಿ ತೇಲುವ ಮನುಷ್ಯ.

ವಯೋಲಾ ಅವರ ಮುಖ್ಯ ಉಪಕರಣ ನಿಧಾನಗತಿ. 1995ರ ವೆನಿಸ್ ಬಿಯೆನಾಲೆಗಾಗಿ ಮಾಡಿದ ‘ದ ಗ್ರೀಟಿಂಗ್’ನಲ್ಲಿ ಇಬ್ಬರು ಹೆಂಗಸರು ಮಾತಾಡುತ್ತಿರುವಾಗ ಮೂರನೆಯವಳು ಬರುತ್ತಾಳೆ. ಇಟಲಿಯ ಚಿತ್ರಕಾರ ಪೊಂಟೊರ್ಮೊ 16ನೆಯ ಶತಮಾನದಲ್ಲಿ ಬರೆದ ಮೇರಿ-ಎಲಿಜಬೆತ್ ಭೇಟಿಯ ಚಿತ್ರವೇ ಇದಕ್ಕೆ ಮೂಲ. ಸೆಕೆಂಡಿಗೆ 300 ಚೌಕಟ್ಟುಗಳಂತೆ ಸೆರೆಹಿಡಿದ 45 ಸೆಕೆಂಡಿನ ಘಟನೆ ಸುಮಾರು 10 ನಿಮಿಷಕ್ಕೆ ಹಿಗ್ಗಿದೆ. ಬಂದವಳು ಒಬ್ಬಳ ಕಿವಿಯಲ್ಲಿ ಏನೋ ಹೇಳುತ್ತಾಳೆ. ಇನ್ನೊಬ್ಬಳ ಮುಖದಲ್ಲಿ ಹೊರಗುಳಿದ ಕಸಿವಿಸಿ ಎದ್ದು, ಹರಡಿ, ನಗೆಯಲ್ಲಿ ಅಡಗುವುದು ಪೂರ್ತಿ ಕಾಣುತ್ತದೆ. ನಾಟ್ಯಶಾಸ್ತ್ರ ಸಾತ್ತ್ವಿಕ ಭಾವಗಳೆಂದು ಹೆಸರಿಸಿದ ನಡುಕ, ಕಣ್ಣೀರು, ಬಣ್ಣಗೆಡುವ ಮುಖ, ಇವು ನಟನ ಹತೋಟಿಗೆ ಸುಲಭವಾಗಿ ಸಿಗುವುದಿಲ್ಲ, ರಂಗದಿಂದ ದೂರ ಕೂತವರಿಗೆ ಕಾಣುವುದೂ ಇಲ್ಲ. ವಯೋಲಾ ಅವರ ಯಂತ್ರ ಅವನ್ನೇ ಹಿಡಿಯಿತು. 2000ದಿಂದ ಆರಂಭವಾದ ‘ಪ್ಯಾಷನ್ಸ್’ ಸರಣಿಯಲ್ಲಂತೂ ಕಥೆ ಬಹುಮಟ್ಟಿಗೆ ಬಿದ್ದುಹೋಗಿ ಭಾವವೇ ಮುಖ್ಯವಾಯಿತು.

ಅದೇ ಹೊತ್ತಿಗೆ ಭಾರತದ ನಳಿನಿ ಮಲಾನಿ ಈ ಕಲೆಯನ್ನು ಬೇರೊಂದು ದಿಕ್ಕಿಗೆ ತಿರುಗಿಸಿದರು. 1946ರಲ್ಲಿ ಕರಾಚಿಯಲ್ಲಿ ಹುಟ್ಟಿ, ದೇಶವಿಭಜನೆಯಿಂದ ನೆಲೆ ಕಳೆದುಕೊಂಡ ಕುಟುಂಬದವರು ಅವರು. ಜರ್ಮನ್ ನಾಟಕಕಾರ ಹೈನರ್ ಮ್ಯುಲರ್ ಅವರ ಕೃತಿಯನ್ನು ಆಧರಿಸಿದ ‘ಹ್ಯಾಮ್ಲೆಟ್ ಮಷೀನ್’ (2000) ಅನ್ನು ಜಪಾನಿನ ಫುಕುವೊಕಾದಲ್ಲಿ ಬುಟೊ ನರ್ತಕರೊಬ್ಬರ ಜೊತೆಗೂಡಿ ರೂಪಿಸಿದರು. ಬುಟೊ, ಯುದ್ಧಾನಂತರದ ಜಪಾನಿನಲ್ಲಿ ತತ್ಸುಮಿ ಹಿಜಿಕಾತ ಅವರು 1959ರಲ್ಲಿ ಹುಟ್ಟುಹಾಕಿದ, ಚೆಲುವನ್ನು ಬೇಕೆಂದೇ ಕೈಬಿಟ್ಟ ನೃತ್ಯ. ಮಲಾನಿ ನರ್ತಕನ ಮೈಯನ್ನೇ ಪರದೆಯಾಗಿಸಿ, ಚಿತ್ರಗಳನ್ನು ಗೋಡೆಗಳ ಮೇಲೂ ನೆಲದಲ್ಲಿ ಹರಡಿದ ಉಪ್ಪಿನ ಹಾಸಿನ ಮೇಲೂ ಹಾಯಿಸಿದರು. ವಯೋಲಾ ಅವರಲ್ಲಿ ಇತಿಹಾಸ ಹೊರಗೆ ನಿಂತಿದ್ದರೆ ಇಲ್ಲಿ ಬಾಬ್ರಿ ಮಸೀದಿ ಧ್ವಂಸದ ನಂತರದ ಭಾರತ ನೇರವಾಗಿ ಒಳಗೆ ಬಂದಿದೆ. ಉಪ್ಪು ಗಾಂಧಿಯನ್ನು ನೆನಪಿಸದೆ ಇರದು. ಕೋಪಕ್ಕೂ ದುಃಖಕ್ಕೂ ಊರು, ಕಾಲ ಉಂಟೆಂಬ ಈ ನಿಲುವು ವಯೋಲಾ ಅವರ ನಿಲುವಿಗಿಂತ ಗಟ್ಟಿ ಎನ್ನಬಹುದು.

ಚಲನೆಯನ್ನೇ ತೆಗೆದುಹಾಕಿದ ನೃತ್ಯವೂ ಬಂತು. ಸಂಗೀತ ಸಂಯೋಜಕ ಜಾನ್ ಕೇಜ್ ಅವರ ನಾಲ್ಕು ನಿಮಿಷ ಮೂವತ್ತಮೂರು ಸೆಕೆಂಡಿನ ಮೌನದ ಕೃತಿಗೆ 88ರ ಹರೆಯದ ಕನಿಂಗ್‌ಹ್ಯಾಮ್ ಕುರ್ಚಿಯಲ್ಲಿ ಕೂತೇ ‘ನರ್ತಿಸಿದ್ದನ್ನು’ ಬ್ರಿಟಿಷ್ ಕಲಾವಿದೆ ಟಸಿಟಾ ಡೀನ್ 2007ರಲ್ಲಿ ಫಿಲ್ಮಿನಲ್ಲಿ ಚಿತ್ರೀಕರಿಸಿದರು. ಮೂರು ಭಾಗಗಳ ನಡುವೆ ಭಂಗಿ ಬದಲಿಸುವುದಷ್ಟೇ ಅದರ ನೃತ್ಯ. ಅದನ್ನು ತೋರಿಸುವ ಆರು ಪರದೆಗಳ ನಡುವೆ ನೋಡುಗರು ನಡೆದಾಡುತ್ತಾರೆ.

ಇಂಥ ಕೃತಿಗಳು ಗ್ಯಾಲರಿ ಬಿಟ್ಟು ಪೂಜಾಸ್ಥಳಗಳಿಗೂ ಹೋದವು. 2007ರಲ್ಲಿ ವಯೋಲಾ ವೆನಿಸ್‌ನ ಸ್ಯಾನ್ ಗಾಲೊ ಎಂಬ ಪುಟ್ಟ ಚರ್ಚಿನ ಮೂರು ಕಲ್ಲಿನ ಬಲಿಪೀಠಗಳ ಮೇಲೆ ಪರದೆ ಇಟ್ಟರು. ಮಸುಕಾದ ಕಪ್ಪು-ಬಿಳುಪು ಆಕೃತಿಗಳು ನೀರಿನ ತೆರೆ ಸೀಳಿ ಬಣ್ಣದ ಲೋಕಕ್ಕೆ ಬಂದು ಮತ್ತೆ ಮರಳುತ್ತಿದ್ದವು. ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನಲ್ಲಿ 2014ರಿಂದ ‘ಮಾರ್ಟರ್ಸ್’ ಇದೆ: ಮಣ್ಣು, ಗಾಳಿ, ಬೆಂಕಿ, ನೀರಿಗೆ ಒಡ್ಡಿಕೊಂಡ ನಾಲ್ವರು, ನಾಲ್ಕು ಪರದೆಗಳಲ್ಲಿ, ಸದ್ದಿಲ್ಲದೆ. 2016ರಲ್ಲಿ ‘ಮೇರಿ’ ಅದರ ಜೊತೆಗೂಡಿತು. ಎರಡೂ ಟೇಟ್ ಸಂಗ್ರಹಾಲಯದ ಸ್ವತ್ತು. ಕ್ಯಾಥೆಡ್ರಲ್‌ಗೆ ದೀರ್ಘಾವಧಿಯ ಎರವಲಾಗಿ ಬಂದಿವೆ.